ಕ್ಲಾಸಿಕೊದ ಮತಪೆಟ್ಟಿಗೆ

ರಿಯಲ್ ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾ ಎದುರುಬದುರಾಗುವ ವಾರ ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ದನಿಯೇ ಬದಲಾಗುತ್ತದೆ. ಕ್ರಿಕೆಟ್ ಬಗ್ಗೆ ಬರೆಯುವವರು ನನಗೆ ಬುದ್ಧಿ ಹೇಳುತ್ತಾರೆ. ಕ್ಲಾಸಿಕೊ ಬಗ್ಗೆ ಬರೆಯುವವರು ತೀರ್ಪು ಕೇಳುತ್ತಾರೆ. ‘ಮ್ಯಾಡ್ರಿಡ್ ಅಂದ್ರೆ ಸರ್ವಾಧಿಕಾರಿ ಫ್ರಾಂಕೊನ ಟೀಮು, ಬಾರ್ಸಾ ಅಂದ್ರೆ ಅವನಿಗೆ ತಿರುಗಿಬಿದ್ದ ಟೀಮು, ನಿಜ ತಾನೇ ಸರ್?’ ಎಂದು ಹಾಸ್ಟೆಲಿನಲ್ಲಿ ಬಾಜಿ ಕಟ್ಟಿಕೊಂಡ ಹುಡುಗರು ಕೇಳುತ್ತಾರೆ. ಹೌದು ಎಂದರೆ ಒಬ್ಬ ಗೆದ್ದ, ಅಲ್ಲ ಎಂದರೆ ಇನ್ನೊಬ್ಬ. ನಾನು ಹೇಳುವುದು ಇಬ್ಬರಿಗೂ ರುಚಿಸಲಾರದು.

ಮೊದಲು ಆ ಕಥೆಯಲ್ಲಿರುವ ಸತ್ಯವನ್ನು ಹೇಳಿಬಿಡುತ್ತೇನೆ. ಮ್ಯಾಡ್ರಿಡ್ ಸ್ಪೇನಿನ ನಟ್ಟನಡುವೆ ಕೂತ ರಾಜಧಾನಿ. ಬಾರ್ಸಿಲೋನಾ ಅಲ್ಲಿಂದ ರಸ್ತೆಯಲ್ಲಿ ಹೆಚ್ಚುಕಡಿಮೆ ಆರುನೂರು ಕಿಲೋಮೀಟರ್ ದೂರದ ಕಡಲತಡಿಯ ಊರು, ತನ್ನದೇ ಭಾಷೆ, ತನ್ನದೇ ಚರಿತ್ರೆ ಇರುವ ಕ್ಯಾಟಲೋನಿಯಾದ ರಾಜಧಾನಿ. 1925ರಲ್ಲಿ ಬಾರ್ಸಾ ಅಭಿಮಾನಿಗಳು ಲೆಸ್ ಕೋರ್ಟ್ಸ್ ಮೈದಾನದಲ್ಲಿ ಸ್ಪೇನಿನ ರಾಷ್ಟ್ರಗೀತೆಗೆ ಸಿಳ್ಳೆ ಹೊಡೆದು ಅಣಕಿಸಿದರು. ಆಗಿನ ಸರ್ವಾಧಿಕಾರಿ ಪ್ರಿಮೊ ಡಿ ರಿವೇರಾನ ಸರ್ಕಾರ ಮೈದಾನಕ್ಕೆ ಬೀಗ ಜಡಿಯಿತು. ಕ್ಲಬ್ಬನ್ನು ಹುಟ್ಟುಹಾಕಿದ ಸ್ವಿಸ್ ಪ್ರಜೆ ಹಾನ್ಸ್ ಗ್ಯಾಂಪರ್ ಅಧ್ಯಕ್ಷಗಿರಿ ಬಿಟ್ಟು ಊರಿನಿಂದಲೇ ಹೊರಡಬೇಕಾಯಿತು. 1936ರ ಆಗಸ್ಟಿನಲ್ಲಿ, ಅಂತರ್ಯುದ್ಧ ಶುರುವಾದ ಕೆಲವೇ ವಾರಗಳಲ್ಲಿ, ಬಾರ್ಸಾದ ಅಧ್ಯಕ್ಷ ಜೋಸೆಪ್ ಸುನ್ಯೋಲ್ ಅವರನ್ನು ಫ್ರಾಂಕೊ ಪಡೆ ಗ್ವಾದರ್ರಾಮಾ ಬೆಟ್ಟಸಾಲಿನಲ್ಲಿ ಗುಂಡಿಟ್ಟು ಕೊಂದಿತು. ಯುದ್ಧ ಗೆದ್ದ ಮೇಲೆ ಕ್ಯಾಟಲನ್ ಭಾಷೆಯನ್ನು ಶಾಲೆ, ಕಚೇರಿ, ನಾಮಫಲಕಗಳಿಂದ ಹೊರಗಟ್ಟಲಾಯಿತು. ಬೀದಿಯಲ್ಲಿ ಎತ್ತಲಾಗದ ದನಿಯನ್ನು ಜನ ಸ್ಟೇಡಿಯಮ್ಮಿನಲ್ಲಿ ಎತ್ತಿದರು. ಇಷ್ಟೂ ನಿಜ.

ಇನ್ನು ಬಾಜಿ ಕಟ್ಟಿದ ಬಾರ್ಸಾ ಹುಡುಗನಿಗೆ ಹಿಡಿಸದ ಭಾಗ. ಮ್ಯಾಡ್ರಿಡ್ ಕ್ಲಬ್ಬನ್ನು 1902ರಲ್ಲಿ ಕಟ್ಟಿ ನಿಲ್ಲಿಸಿದ ಪಾದ್ರೋಸ್ ಸಹೋದರರು ಬಾರ್ಸಿಲೋನಾ ಮೂಲದ ಕ್ಯಾಟಲನ್ನರು. ಅಂತರ್ಯುದ್ಧ ಶುರುವಾದಾಗ ಮ್ಯಾಡ್ರಿಡ್ ಅಧ್ಯಕ್ಷರಾಗಿದ್ದ ರಫಾಯೆಲ್ ಸ್ಯಾಂಚೆಜ್ ಗೆರ್ರಾ ಗಣರಾಜ್ಯದ ಪಕ್ಷಪಾತಿ. ಫ್ರಾಂಕೊ ಅವರನ್ನು ಜೈಲಿಗೆ ಹಾಕಿದ, ಕೊನೆಗೆ ಅವರು ದೇಶಭ್ರಷ್ಟರಾದರು. ಫ್ರಾಂಕೊ ಗದ್ದುಗೆ ಏರಿದ್ದು 1939ರಲ್ಲಿ. ಅಲ್ಲಿಂದ 1953ರವರೆಗೆ ಬಾರ್ಸಾ ಐದು ಸಲ ಲಾ ಲಿಗಾ ಗೆದ್ದಿತು, ಮ್ಯಾಡ್ರಿಡ್ ಒಂದು ಸಲವೂ ಗೆಲ್ಲಲಿಲ್ಲ. ‘ಸರ್ಕಾರಿ ತಂಡ’ ಎನ್ನುವುದಾದರೆ ಸರ್ಕಾರ ತನ್ನ ಕೆಲಸದಲ್ಲಿ ಬಹಳ ಸೋಮಾರಿಯಾಗಿತ್ತು ಎನ್ನಬೇಕು.

‘ಹಾಗಾದರೆ ಆ 11–1?’ ಎಂದು ಕೇಳುವವರಿದ್ದಾರೆ. 1943ರಲ್ಲಿ ಕಪ್ ಸೆಮಿಫೈನಲ್. ತವರಿನಲ್ಲಿ ಬಾರ್ಸಾ 3–0 ಗೆದ್ದಿತ್ತು. ಮ್ಯಾಡ್ರಿಡಿನಲ್ಲಿ 11–1 ಸೋತಿತು. ಪಂದ್ಯಕ್ಕೆ ಮುಂಚೆ ಭದ್ರತಾ ಇಲಾಖೆಯ ದೊಡ್ಡ ಅಧಿಕಾರಿಯೊಬ್ಬ ಡ್ರೆಸಿಂಗ್ ರೂಮಿಗೆ ಬಂದು ಬಾರ್ಸಾ ಆಟಗಾರರನ್ನು ಬೆದರಿಸಿದ ಎನ್ನುವುದು ಒಂದು ಕಡೆಯ ವಾದ. ಆ ಭೇಟಿಯ ವಿವರಗಳ ಬಗ್ಗೆ ಇತಿಹಾಸಕಾರರು ಇನ್ನೂ ಕಿತ್ತಾಡುತ್ತಿದ್ದಾರೆ. ಒಂದಂತೂ ಖಂಡಿತ: ಆ ಗದ್ದಲದಲ್ಲಿ ಎರಡೂ ಕ್ಲಬ್ಬುಗಳ ಅಧ್ಯಕ್ಷರ ತಲೆದಂಡವಾಯಿತು, ಮ್ಯಾಡ್ರಿಡಿನ ಖಾಲಿ ಕುರ್ಚಿಗೆ ಬಂದು ಕೂತವರು ಸ್ಯಾಂಟಿಯಾಗೊ ಬರ್ನಬ್ಯೂ. ಅವರು ಅಂತರ್ಯುದ್ಧದಲ್ಲಿ ಫ್ರಾಂಕೊ ಕಡೆ ಬಂದೂಕು ಹಿಡಿದಿದ್ದವರು. ಸಾಯುವವರೆಗೆ, ಅಂದರೆ 1978ರವರೆಗೆ, ಕುರ್ಚಿ ಬಿಡಲಿಲ್ಲ.

ಬರ್ನಬ್ಯೂ ಮಾಡಿದ ಅತಿ ದೊಡ್ಡ ಕೆಲಸ 1953ರಲ್ಲಿ ಅರ್ಜೆಂಟೀನಾದ ಆಲ್ಫ್ರೆಡೊ ಡಿ ಸ್ಟೆಫಾನೊನನ್ನು ತಂದದ್ದು. ಬಾರ್ಸಾ ಅವನ ಹಳೆಯ ಕ್ಲಬ್ ರಿವರ್ ಪ್ಲೇಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಮ್ಯಾಡ್ರಿಡ್ ಅವನು ಆಗ ಆಡುತ್ತಿದ್ದ ಬೊಗೊಟಾದ ಮಿಯೊನಾರಿಯೋಸ್ ಜೊತೆ ಮಾಡಿಕೊಂಡಿತು. ಒಬ್ಬ ಆಟಗಾರ, ಇಬ್ಬರು ವಾರಸುದಾರರು. ಕೊನೆಗೆ ಬಂದ ಪಂಚಾಯ್ತಿ ತೀರ್ಮಾನ ಏನು ಗೊತ್ತೇ? ಒಂದು ವರ್ಷ ಇವರಿಗೆ, ಒಂದು ವರ್ಷ ಅವರಿಗೆ, ಹೀಗೆ ನಾಲ್ಕು ವರ್ಷ! ಇದರಿಂದ ಅವಮಾನಗೊಂಡ ಬಾರ್ಸಾ ಅಧ್ಯಕ್ಷರು ರಾಜೀನಾಮೆ ಒಗೆದರು, ಕ್ಲಬ್ ತನ್ನ ಪಾಲನ್ನು ಬಿಟ್ಟುಕೊಟ್ಟಿತು. ಇದಕ್ಕೆ ಫ್ರಾಂಕೊ ಕೈವಾಡ ಕಾರಣ ಎನ್ನುತ್ತಾರೆ ಬಾರ್ಸಾದವರು. ನಿಮ್ಮ ಆಡಳಿತದ ಎಡವಟ್ಟು ಎನ್ನುತ್ತಾರೆ ಮ್ಯಾಡ್ರಿಡಿನವರು. ಎರಡರಲ್ಲೂ ಹುರುಳಿದೆ ಎಂದೇ ನನ್ನ ಅನಿಸಿಕೆ. ಅದೇ ಅಕ್ಟೋಬರಿನಲ್ಲಿ ಡಿ ಸ್ಟೆಫಾನೊ ಇದ್ದ ಮ್ಯಾಡ್ರಿಡ್ ಬಾರ್ಸಾವನ್ನು 5–0 ಹೊಡೆಯಿತು. 1956ರಿಂದ 1960ರವರೆಗೆ ಐದಕ್ಕೆ ಐದೂ ಯುರೋಪಿಯನ್ ಕಪ್ ಅದರ ಪಾಲಾಯಿತು. ಫ್ರಾಂಕೊ ಆಡಳಿತ ಮ್ಯಾಡ್ರಿಡನ್ನು ತನ್ನ ಮುಖವಾಡ ಮಾಡಿಕೊಂಡದ್ದು ಈ ಗೆಲುವುಗಳ ನಂತರ. ತಂಡ ಗೆದ್ದ ಮೇಲೆ ಸರ್ಕಾರ ಹತ್ತಿರ ಬಂತೇ ವಿನಾ ಸರ್ಕಾರ ಬಂದು ತಂಡವನ್ನು ಗೆಲ್ಲಿಸಿದ್ದಲ್ಲ.

ಸರಿ, ಫ್ರಾಂಕೊ ಸತ್ತದ್ದು 1975ರಲ್ಲಿ. ಆಗ ಹುಟ್ಟಿದ ಮಗುವಿಗೆ ಈಗ ಐವತ್ತರ ಮೇಲಾಯಿತು. ಕ್ಯಾಟಲನ್ ಭಾಷೆ ಈಗ ಅಲ್ಲಿ ಶಾಲೆಯ ಭಾಷೆ, ಅಲ್ಲಿಗೆ ಸ್ವಂತ ಸಂಸತ್ತಿದೆ. ಆದರೂ ದ್ವೇಷದ ಕಾವು ಆರಿಲ್ಲವಲ್ಲ, ಯಾಕೆ? ನನ್ನ ಉತ್ತರ ಚರಿತ್ರೆಯ ಪುಸ್ತಕದಲ್ಲಿಲ್ಲ, ಕ್ಲಬ್ಬುಗಳ ಬೈಲಾದಲ್ಲಿದೆ. ಈ ಎರಡಕ್ಕೂ ಮಾಲೀಕರಿಲ್ಲ. ಮ್ಯಾಂಚೆಸ್ಟರಿನಲ್ಲೋ ಪ್ಯಾರಿಸ್ಸಿನಲ್ಲೋ ಇರುವಂತೆ ಅಮೆರಿಕದ ಕುಟುಂಬ, ಅರಬ್ ದೊರೆ ಇಲ್ಲಿಲ್ಲ. 1990ರ ಕ್ರೀಡಾ ಕಾಯ್ದೆ ಸ್ಪೇನಿನ ವೃತ್ತಿಪರ ಕ್ಲಬ್ಬುಗಳೆಲ್ಲ ಷೇರು ಕಂಪನಿಗಳಾಗಬೇಕೆಂದಾಗ ನಾಲ್ಕಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು: ಮ್ಯಾಡ್ರಿಡ್, ಬಾರ್ಸಾ, ಬಿಲ್ಬಾವೊದ ಅಥ್ಲೆಟಿಕ್ ಮತ್ತು ಪಾಂಪ್ಲೋನಾದ ಒಸಸೂನಾ. ಇವು ಸದಸ್ಯರ ಕ್ಲಬ್ಬುಗಳು. ವರ್ಷದ ಚಂದಾ ಕಟ್ಟಿದ ಸೋಸಿಯೊಗಳು, ಅಂದರೆ ಸದಸ್ಯರು, ವೋಟು ಹಾಕಿ ಅಧ್ಯಕ್ಷರನ್ನು ಆರಿಸುತ್ತಾರೆ. ಬಾರ್ಸಾದಲ್ಲಿ ಇಂಥವರು ಲಕ್ಷಕ್ಕೂ ಮಿಕ್ಕಿ ಇದ್ದಾರೆ, ಮ್ಯಾಡ್ರಿಡಿನಲ್ಲಿ ಲಕ್ಷದ ಆಸುಪಾಸು. ನಮ್ಮೂರ ಸಹಕಾರ ಸೊಸೈಟಿ ಚುನಾವಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ಯಾನೆಲ್ಲು, ಕರಪತ್ರ, ಬಣ ರಾಜಕೀಯ, ಹಿಂದಿನ ಕಮಿಟಿ ತಿಂದುಹಾಕಿತು ಎಂಬ ಆರೋಪ, ಎಲ್ಲವೂ ಅಲ್ಲಿವೆ, ಕೋಟಿಗಳ ಲೆಕ್ಕದಲ್ಲಿ. ಚುನಾವಣೆ ಗೆಲ್ಲುವ ಸಲೀಸು ದಾರಿ ಯಾವುದು? ಆಚೆ ಊರಿನವರಿಗೆ ಪಾಠ ಕಲಿಸುತ್ತೇನೆ ಎನ್ನುವುದು.

ಇದು ಅತಿ ನಿಚ್ಚಳವಾಗಿ ಕಂಡದ್ದು 2000ದ ಬೇಸಿಗೆಯಲ್ಲಿ. ಮ್ಯಾಡ್ರಿಡ್ ಅಧ್ಯಕ್ಷ ಲೊರೆಂಜೊ ಸ್ಯಾನ್ಸ್ ಮೂರು ವರ್ಷದಲ್ಲಿ ಎರಡು ಚಾಂಪಿಯನ್ಸ್ ಲೀಗ್ ತಂದುಕೊಟ್ಟಿದ್ದರು, ಎರಡನೆಯದು ಅದೇ ಮೇ ತಿಂಗಳಲ್ಲಿ. ಆ ಬಿಸಿಯಲ್ಲೇ ಗೆದ್ದುಬಿಡೋಣವೆಂದು ಅವಧಿಗೆ ಮುಂಚೆಯೇ ಚುನಾವಣೆ ಕರೆದರು. ಎದುರಾಳಿಯಾಗಿ ನಿಂತವರು ಕಟ್ಟಡ ಗುತ್ತಿಗೆಯ ದೊಡ್ಡ ಕುಳ ಫ್ಲೊರೆಂಟಿನೊ ಪೆರೆಜ್. ಕಪ್ ತಂದವನನ್ನು ಸೋಲಿಸುವುದು ಹೇಗೆ? ಬಾರ್ಸಾದ ನಾಯಕರಲ್ಲೊಬ್ಬ, ಕ್ಯಾಂಪ್ ನೌ ಮೈದಾನದ ಕಣ್ಮಣಿ, ಪೋರ್ಚುಗಲ್ಲಿನ ಲೂಯಿಸ್ ಫಿಗೊನನ್ನು ತರುತ್ತೇನೆಂದು ಪೆರೆಜ್ ಘೋಷಿಸಿದರು. ತರದಿದ್ದರೆ ಸದಸ್ಯರ ಆ ವರ್ಷದ ಚಂದಾ ಹಣವನ್ನು ತಾನೇ ಕಟ್ಟುವುದಾಗಿ ಮಾತು ಕೊಟ್ಟರು. ಆ ಹೊತ್ತಿಗೆ ಫಿಗೊನ ಏಜೆಂಟ್ ಜೊತೆ ಕಾಗದ ಆಗಿತ್ತು, ಹಿಂದೆ ಸರಿದರೆ ಭಾರಿ ದಂಡ ಎಂಬ ಷರತ್ತಿನೊಂದಿಗೆ. ಪೆರೆಜ್ ಗೆಲ್ಲುವುದಿಲ್ಲ, ಹಾಗಾಗಿ ಕಾಗದ ಕಸದಬುಟ್ಟಿಗೆ ಹೋಗುತ್ತದೆ ಎಂದು ಏಜೆಂಟರ ಕಡೆಯವರು ಎಣಿಸಿದ್ದರು. ಫಿಗೊ ಬಾರ್ಸಿಲೋನಾದ ಕ್ರೀಡಾಪತ್ರಿಕೆಗೆ ‘ನಾನೆಲ್ಲಿಗೂ ಹೋಗುವುದಿಲ್ಲ’ ಎಂದು ಸಂದರ್ಶನವನ್ನೂ ಕೊಟ್ಟ.

ಜುಲೈ 16ರಂದು ಪೆರೆಜ್ ಗೆದ್ದರು. ತಮಾಷೆ ಇಲ್ಲಿಗೆ ನಿಲ್ಲಲಿಲ್ಲ. ಅದೇ ಸಮಯಕ್ಕೆ ಬಾರ್ಸಾದಲ್ಲೂ ಚುನಾವಣೆ. ಇಪ್ಪತ್ತೆರಡು ವರ್ಷ ಆಳಿದ ನುನ್ಯೆಜ್ ಕೆಳಗಿಳಿದು, ಜುಲೈ 23ರಂದು ಜೊವಾನ್ ಗಾಸ್ಪಾರ್ಟ್ ಅಧ್ಯಕ್ಷರಾದರು. ಮರುದಿನವೇ ಫಿಗೊ ಮ್ಯಾಡ್ರಿಡಿನ ಬಿಳಿ ಅಂಗಿ ತೊಟ್ಟು ಫೋಟೊಗೆ ನಿಂತ. ಬೆಲೆ ಸುಮಾರು ಆರು ಕೋಟಿ ಯೂರೊ, ಆಗಿನ ವಿಶ್ವದಾಖಲೆ. ಗಾಸ್ಪಾರ್ಟ್‌ಗೆ ಅಧಿಕಾರದ ಮೊದಲ ದಿನವೇ ಮುಖಭಂಗ. ಪ್ರಪಂಚದ ಅತಿ ದುಬಾರಿ ಆಟಗಾರ ಹೀಗೆ ಚುನಾವಣಾ ಪ್ರಣಾಳಿಕೆಯ ಒಂದು ಸಾಲಾಗಿ ಊರು ಬದಲಿಸಿದ.

ಅದರ ಬೆಲೆ ತೆತ್ತವನೂ ಅವನೇ. 2002ರ ನವೆಂಬರ್ 23ರಂದು ಕ್ಯಾಂಪ್ ನೌನಲ್ಲಿ ನಡೆದ ಪಂದ್ಯವನ್ನು ಯೂಟ್ಯೂಬಿನಲ್ಲಿ ಈಗಲೂ ನೋಡಬಹುದು. ಫಿಗೊ ಕಾರ್ನರ್ ಹೊಡೆಯಲು ಧ್ವಜದ ಹತ್ತಿರ ಹೋಗುತ್ತಾನೆ. ಮೇಲಿನಿಂದ ನಾಣ್ಯ, ಲೈಟರ್, ಮೊಬೈಲ್ ಫೋನು, ವಿಸ್ಕಿ ಬಾಟಲಿ ಬೀಳತೊಡಗುತ್ತವೆ. ಅವನು ಅವಸರ ಮಾಡುವುದಿಲ್ಲ. ಬಾಟಲಿ ಎತ್ತಿ ಬದಿಗಿಡುತ್ತಾನೆ, ಹುಲ್ಲಿನ ಮೇಲಿನ ಕಸ ಸರಿಸುತ್ತಾನೆ, ನಗುತ್ತಾನೆ. ಆ ನಗು ಜನರನ್ನು ಇನ್ನಷ್ಟು ಕೆರಳಿಸುತ್ತದೆ. ರೆಫರಿ ಪಂದ್ಯ ನಿಲ್ಲಿಸಿ ಎರಡೂ ತಂಡಗಳನ್ನು ಒಳಗೆ ಕರೆದೊಯ್ದ. ಕಾಲು ಗಂಟೆಯಷ್ಟು ಆಟವಿಲ್ಲ. ಪಂದ್ಯ 0–0ರಲ್ಲಿ ಮುಗಿಯಿತು. ಮರುದಿನ ಕ್ಯಾಮೆರಾಗಳ ಚಿತ್ರಗಳಲ್ಲಿ, ಕಾರ್ನರ್ ಧ್ವಜದ ಬಳಿ ಹುಲ್ಲಿನ ಮೇಲೆ ಬಿದ್ದ ಹಂದಿಮರಿಯ ತಲೆ ಕಂಡಿತು. ಅದನ್ನು ಸ್ಟೇಡಿಯಮ್ಮಿನ ಗೇಟು ದಾಟಿಸಿದ ಮಹಾನುಭಾವ ಟಿಕೆಟ್ ಜೊತೆ ಇನ್ನೇನೆಲ್ಲ ಹೊಂದಿಸಿಕೊಂಡಿದ್ದನೋ.

2003ರಲ್ಲಿ ಬಾರ್ಸಾ ಕಡೆಯಿಂದ ಅದೇ ಪಟ್ಟು. ವಕೀಲ ಜೊವಾನ್ ಲಪೋರ್ಟಾ ಎಂಬ ಯುವ ಅಭ್ಯರ್ಥಿ, ಗೆದ್ದರೆ ಡೇವಿಡ್ ಬೆಕಮ್‌ನನ್ನು ತರುತ್ತೇನೆಂದರು. ಮ್ಯಾಂಚೆಸ್ಟರ್ ಯುನೈಟೆಡ್ ಕೂಡ ಷರತ್ತಿನ ಮೇಲೆ ಒಪ್ಪಿದ್ದಾಗಿ ಪ್ರಕಟಿಸಿತು. ಜೂನ್ 15ರಂದು ಲಪೋರ್ಟಾ ಗೆದ್ದರು, 17ರಂದು ಬೆಕಮ್ ಹೋದದ್ದು ಮ್ಯಾಡ್ರಿಡ್‌ಗೆ! ಕೈತಪ್ಪಿದವನ ಬದಲು ಲಪೋರ್ಟಾ ತಂದದ್ದು ಬ್ರೆಜಿಲ್ಲಿನ ರೊನಾಲ್ಡಿನೊನನ್ನು. ಎರಡು ವರ್ಷದ ಮೇಲೆ ಅದೇ ರೊನಾಲ್ಡಿನೊ ಬರ್ನಬ್ಯೂ ಸ್ಟೇಡಿಯಮ್ಮಿನಲ್ಲಿ ಎರಡು ಗೋಲು ಹೊಡೆದಾಗ ಮ್ಯಾಡ್ರಿಡ್ ಅಭಿಮಾನಿಗಳೇ ಎದ್ದುನಿಂತು ಚಪ್ಪಾಳೆ ತಟ್ಟಿದರು. ನೋಡಲು ಬಂದವರಿಗೆ ಆಟ ಗೊತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಪುರಾವೆ ಬೇಡ. ಕೆಟ್ಟದ್ದೆಲ್ಲ ಗ್ಯಾಲರಿಯಿಂದಲೇ ಬರುತ್ತದೆ ಎಂದು ಬೈಯುವವರು ಆ ರಾತ್ರಿಯನ್ನು ನೆನಪಿಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ 2020ರದು. ಆಗಸ್ಟಿನಲ್ಲಿ ಬಾಯರ್ನ್ ಮ್ಯೂನಿಕ್ ಎದುರು ಬಾರ್ಸಾಗೆ 8–2ರ ಸೋಲು, ಮೆಸ್ಸಿ ಹೊರಡುತ್ತೇನೆಂದು ಹಟ ಹಿಡಿದದ್ದು, ಸದಸ್ಯರು ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಹಿ ಸಂಗ್ರಹಿಸಿ ಅವಿಶ್ವಾಸ ಮಂಡಿಸಿದ್ದು, ಅಧ್ಯಕ್ಷ ಬಾರ್ತೊಮೆಯು ಅಕ್ಟೋಬರಿನಲ್ಲಿ ರಾಜೀನಾಮೆ ಕೊಟ್ಟದ್ದು. ಮತ್ತೆ ಕಣಕ್ಕಿಳಿದ ಲಪೋರ್ಟಾ ಡಿಸೆಂಬರಿನಲ್ಲಿ ಒಂದು ಭಾರಿ ಬ್ಯಾನರ್ ಕಟ್ಟಿಸಿದರು. ಕಟ್ಟಡದ ಮುಖವನ್ನೇ ಮುಚ್ಚುವಷ್ಟು ದೊಡ್ಡದು, ಅದರಲ್ಲಿ ಅವರ ಮುಖ, ಜೊತೆಗೆ ‘ನಿಮ್ಮನ್ನು ಮತ್ತೆ ನೋಡುವಾಸೆ’ ಎಂಬರ್ಥದ ಒಂದು ಸಾಲು. ಕಟ್ಟಿಸಿದ್ದು ಎಲ್ಲಿ? ಮ್ಯಾಡ್ರಿಡಿನಲ್ಲಿ, ಬರ್ನಬ್ಯೂ ಸ್ಟೇಡಿಯಮ್ಮಿನ ಪಕ್ಕದಲ್ಲೇ! ಅಲ್ಲಿ ಅದನ್ನು ನೋಡಿದವರಲ್ಲಿ ವೋಟಿದ್ದವರು ಬೆರಳೆಣಿಕೆಯವರೂ ಇರಲಿಲ್ಲವೇನೋ. ಆದರೆ ಅದರ ಫೋಟೊ ಒಂದೇ ದಿನದಲ್ಲಿ ಬಾರ್ಸಿಲೋನಾದ ಪ್ರತಿ ಫೋನನ್ನೂ ತಲುಪಿತು. ಉಳಿದ ಅಭ್ಯರ್ಥಿಗಳು ಸಾಲದ ಲೆಕ್ಕ ವಿವರಿಸುತ್ತಿದ್ದರು, ಬಾರ್ಸಾ ಸಾಲ ಆಗ ನೂರು ಕೋಟಿ ಯೂರೊ ದಾಟಿತ್ತು, ವಿವರಿಸಬೇಕಾದ್ದೇ. 2021ರ ಮಾರ್ಚ್ 7ರಂದು ಐವತ್ತೈದು ಸಾವಿರ ಸದಸ್ಯರು ಮತ ಹಾಕಿದರು, ಮೆಸ್ಸಿಯೂ ಮಗನ ಜೊತೆ ಬಂದು ಹಾಕಿದ. ಗೆದ್ದದ್ದು ಬ್ಯಾನರ್ ಕಟ್ಟಿಸಿದವರು, ಅರ್ಧಕ್ಕಿಂತ ಹೆಚ್ಚು ಮತಗಳಿಂದ. ಇನ್ನೂ ಮಜಾ ಎಂದರೆ ಮುಂದಿನ ತಿಂಗಳೇ ಲಪೋರ್ಟಾ ಮತ್ತು ಪೆರೆಜ್ ಕೈಜೋಡಿಸಿ ಸೂಪರ್ ಲೀಗ್ ಎಂಬ ಹೊಸ ಟೂರ್ನಿಗೆ ಹೊರಟದ್ದು. ವ್ಯಾಪಾರದ ಮೇಜಿನಲ್ಲಿ ಅಣ್ಣತಮ್ಮಂದಿರು, ಸದಸ್ಯರ ಮುಂದೆ ಎಣ್ಣೆ ಸೀಗೆಕಾಯಿ.

ಚರಿತ್ರೆಯೂ ಇದೇ ಮೇಜಿನ ಸರಕು. ರೆಫರಿ ಸಮಿತಿಯ ಮಾಜಿ ಉಪಾಧ್ಯಕ್ಷರೊಬ್ಬರಿಗೆ ಸೇರಿದ ಕಂಪನಿಗಳಿಗೆ ಬಾರ್ಸಾ ಹಲವು ವರ್ಷ ಎಪ್ಪತ್ತು ಲಕ್ಷ ಯೂರೊಗೂ ಹೆಚ್ಚು ಕೊಟ್ಟಿತ್ತೆಂದು 2023ರಲ್ಲಿ ಹೊರಬಿತ್ತು. ರೆಫರಿಗಳ ಕುರಿತ ವರದಿಗಳಿಗಾಗಿ ಕೊಟ್ಟದ್ದು, ಕೊಂಡುಕೊಳ್ಳಲು ಅಲ್ಲ ಎಂದಿತು ಬಾರ್ಸಾ. ಈ ಬಗ್ಗೆ ಹೂಡಲಾದ ಮೊಕದ್ದಮೆಯಲ್ಲಿ ಮ್ಯಾಡ್ರಿಡ್ ತಾನೂ ಕಕ್ಷಿದಾರನಾಯಿತು. ಸಿಟ್ಟಿಗೆದ್ದ ಲಪೋರ್ಟಾ ಏಪ್ರಿಲಿನ ಪತ್ರಿಕಾಗೋಷ್ಠಿಯಲ್ಲಿ ಮ್ಯಾಡ್ರಿಡನ್ನು ‘ಸರ್ವಾಧಿಕಾರದ ತಂಡ’ ಎಂದರು. ಅಂದೇ ಸಂಜೆ ಮ್ಯಾಡ್ರಿಡ್ ಕ್ಲಬ್ಬಿನ ಟಿವಿ ಒಂದು ವಿಡಿಯೊ ಬಿಟ್ಟಿತು: 1957ರಲ್ಲಿ ಕ್ಯಾಂಪ್ ನೌ ಉದ್ಘಾಟನೆಗೆ ಬಂದದ್ದು ಫ್ರಾಂಕೊನ ಮಂತ್ರಿ, ಫ್ರಾಂಕೊಗೆ ಪದಕ ತೊಡಿಸಿದ್ದು ಬಾರ್ಸಾ, ಈಗ ಹೇಳಿ, ಸರ್ವಾಧಿಕಾರದ ತಂಡ ಯಾವುದು? ಎರಡೂ ಕಡೆ ಹೇಳಿದ ಸಂಗತಿಗಳಲ್ಲಿ ಸುಳ್ಳು ಕಡಿಮೆ, ಬಿಟ್ಟದ್ದು ಹೆಚ್ಚು. ಸುನ್ಯೋಲ್ ಹೆಸರಾಗಲಿ ಸ್ಯಾಂಚೆಜ್ ಗೆರ್ರಾ ಹೆಸರಾಗಲಿ ಎದುರಾಳಿಯ ಬಾಯಲ್ಲಿ ಬಂದದ್ದನ್ನು ನಾನು ಕೇಳಿಲ್ಲ.

2025ರ ಮೇ 11ರ ಪಂದ್ಯ ನಮ್ಮ ಗಡಿಯಾರಕ್ಕೆ ಸಂಜೆ ಏಳೂಮುಕ್ಕಾಲಿಗಿತ್ತು, ಹಾಗಾಗಿ ನಿದ್ದೆಗೆಡದೆ ಬೆಂಗಳೂರಿನ ಪಬ್ಬೊಂದರಲ್ಲಿ ನೋಡಿದೆ. ಹದಿನಾಲ್ಕು ನಿಮಿಷದೊಳಗೆ ಎಂಬಾಪೆ ಎರಡು ಹೊಡೆದು ಮ್ಯಾಡ್ರಿಡ್ 2–0 ಮುಂದು; ವಿರಾಮದ ಹೊತ್ತಿಗೆ ಬಾರ್ಸಾ 4–2; ಕೊನೆಗೆ 4–3. ನನ್ನ ಪಕ್ಕದ ಟೇಬಲ್ಲಿನಲ್ಲಿ ಒಂದೇ ಆಫೀಸಿನ ಇಬ್ಬರು, ಒಬ್ಬನದು ಬಿಳಿ ಅಂಗಿ, ಇನ್ನೊಬ್ಬನದು ಕೆಂಪು–ನೀಲಿ. ಮೂರನೇ ಗೋಲಿಗೆ ಬಿಳಿ ಅಂಗಿಯವನು ‘ಎದ್ದೋಗ್ತೀನಿ ಕಣೋ’ ಅಂದ, ನಾಲ್ಕನೆಯದಕ್ಕೆ ಇನ್ನೊಂದು ಪ್ಲೇಟ್ ಚಿಕನ್ ತರಿಸಿದ. ಹಂದಿತಲೆಯ ಮಾತೇ ಇಲ್ಲ. ಇಬ್ಬರೂ ಒಂದೇ ಬೈಕಿನಲ್ಲಿ ಹೊರಟರು. ಇವರು ಬರೀ ಅಭಿಮಾನಿಗಳು. ಇವರ ಸಿಟ್ಟಿನಿಂದ ಯಾರಿಗೂ ಕುರ್ಚಿ ಸಿಗುವುದಿಲ್ಲ.

ನಮ್ಮ ಬೆಂಗಳೂರು ಎಫ್‌ಸಿಗೂ ಬಾರ್ಸಾಗೂ ನಂಟುಂಟು. 2016ರಲ್ಲಿ ತಂಡವನ್ನು ಎಎಫ್‌ಸಿ ಕಪ್ ಫೈನಲಿಗೆ ಒಯ್ದ ಆಲ್ಬರ್ಟ್ ರೋಕಾ ಬಾರ್ಸಾದಲ್ಲಿ ಕೋಚ್ ರೈಕಾರ್ಡ್‌ಗೆ ಸಹಾಯಕರಾಗಿದ್ದವರು, 2019ರಲ್ಲಿ ಐಎಸ್‌ಎಲ್ ಗೆಲ್ಲಿಸಿದ ಕಾರ್ಲೆಸ್ ಕ್ವಾದ್ರಾತ್ ಅಲ್ಲಿನ ಅಕಾಡೆಮಿಯಲ್ಲಿ ಬೆಳೆದವರು. ಕೇರಳ ಬ್ಲಾಸ್ಟರ್ಸ್ ಜೊತೆ ನಮ್ಮವರ ಜಗಳವೂ ಸಣ್ಣದಲ್ಲ. 2023ರ ಮಾರ್ಚಿನಲ್ಲಿ ಕಂಠೀರವದಲ್ಲಿ ಚೆಟ್ರಿ ಥಟ್ಟನೆ ಹೊಡೆದ ಫ್ರೀಕಿಕ್ ಗೋಲಾದಾಗ ಬ್ಲಾಸ್ಟರ್ಸ್ ಮೈದಾನ ಬಿಟ್ಟೇ ನಡೆಯಿತು. ಆದರೆ ಬೆಂಗಳೂರು ಎಫ್‌ಸಿ ಜೆಎಸ್‌ಡಬ್ಲ್ಯು ಕಂಪನಿಯ ಆಸ್ತಿ. ವೆಸ್ಟ್ ಬ್ಲಾಕಿನಲ್ಲಿ ನಿಂತು ಗಂಟಲು ಹರಿದುಕೊಳ್ಳುವವರಿಗೆ ವೋಟಿಲ್ಲ, ಹಾಗಾಗಿ ಆ ಜಗಳವನ್ನು ಮುಂದಿನ ಸೀಸನ್ನಿಗೆ ಜತನದಿಂದ ಕಾಯ್ದಿಡಬೇಕಾದ ತುರ್ತು ಯಾರಿಗೂ ಇಲ್ಲ.

ಇಷ್ಟಾಗಿಯೂ ನನ್ನ ಮತ ಸದಸ್ಯರ ಕ್ಲಬ್ಬುಗಳ ಪರ. ದೊರೆಯೊಬ್ಬ ಕೊಂಡುಕೊಂಡ ತಂಡಕ್ಕಿಂತ ಜಗಳಗಂಟ ಸದಸ್ಯರ ತಂಡ ಮೇಲು. ನನ್ನ ತಕರಾರು ಇರುವುದು ವೋಟು ಇದ್ದೂ ಇಲ್ಲದಂತಾಗುವುದರ ಬಗ್ಗೆ. ಮ್ಯಾಡ್ರಿಡ್ 2012ರಲ್ಲಿ ತನ್ನ ನಿಯಮ ಬಿಗಿ ಮಾಡಿತು. ಅಧ್ಯಕ್ಷ ಸ್ಥಾನಕ್ಕೆ ನಿಲ್ಲುವವರು ಇಪ್ಪತ್ತು ವರ್ಷದ ಸದಸ್ಯರಾಗಿರಬೇಕು, ಕ್ಲಬ್ಬಿನ ಬಜೆಟ್ಟಿನ ಶೇ 15ರಷ್ಟಕ್ಕೆ ಸ್ವಂತ ಆಸ್ತಿಯ ಮೇಲೆ ಬ್ಯಾಂಕ್ ಗ್ಯಾರಂಟಿ ಕೊಡಬೇಕು. ಬಜೆಟ್ ನೂರು ಕೋಟಿ ಯೂರೊ ದಾಟಿದ ಕ್ಲಬ್ಬಿಗೆ ಅದು ನಮ್ಮ ಲೆಕ್ಕದಲ್ಲಿ ಸಾವಿರ ಕೋಟಿ ರೂಪಾಯಿಗೂ ಮೇಲೆ. 2000ದಲ್ಲಿ ಕಪ್ ಗೆದ್ದಿದ್ದ ಅಧ್ಯಕ್ಷನನ್ನೇ ಸೋಲಿಸಿ ಬಂದ ಪೆರೆಜ್, 2009ರಲ್ಲಿ ಮರಳಿ ಬಂದಾಗಲೂ, ಆಮೇಲೆ 2013, 2017, 2021 ಮತ್ತು 2025ರಲ್ಲೂ, ಅವಿರೋಧವಾಗಿಯೇ ಆಯ್ಕೆಯಾದರು.